ಸೇವೆಗೆ ಸಂಬಳವೇಕೆ ಎನ್ನುವವರಿಗೆ

ಹೋದ ಮಳೆಗಾಲದಲ್ಲಿ ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಜಗಳವಾಯಿತು. ಶುರು ಮಾಡಿದವಳು ನಾನೇ ಎಂದು ಅಲ್ಲಿಯ ಅರ್ಧ ಜನ ಈಗಲೂ ನಂಬಿದ್ದಾರೆ. ಊರ ಕಡೆ ಹೊಳೆ ಏರುತ್ತಿದೆ, ಏನಾದರೂ ಮಾಡೋಣ ಎಂದು ದುಡ್ಡು ಕೂಡಿಸಿದ್ದೆವು. ಯಾರಿಗೆ ಕೊಡುವುದು ಎಂದು ವಿಚಾರಿಸಿ, ಒಂದು ಸಣ್ಣ ಸಂಸ್ಥೆಯಿಂದ ಖರ್ಚಿನ ಅಂದಾಜು ತರಿಸಿಕೊಂಡರು. ಕಂಬಳಿ, ತಾಡಪತ್ರಿ, ಬಕೆಟ್, ಪ್ಯಾಡ್, ಅಕ್ಕಿ, ಬೇಳೆ ಎಲ್ಲ ಇತ್ತು. ಕೊನೆಗೆ ಒಂದು ಸಾಲು: ಕಾರ್ಯಕರ್ತರ ತರಬೇತಿ ಮತ್ತು ವಿಮೆ.

"ಇದೇನ್ರೀ ಇದು? ನಮ್ಮ ದುಡ್ಡು ನೀರಲ್ಲಿ ನಿಂತವರಿಗೆ ಹೋಗಬೇಕು, ಇವರ ಟ್ರೇನಿಂಗಿಗಲ್ಲ. ಸೇವೆ ಮಾಡೋರಿಗೆ ಟ್ರೇನಿಂಗ್ ಯಾಕೆ?" ಎಂದು ಒಬ್ಬರು ಬರೆದರು. ಒಳ್ಳೆಯ ಮನುಷ್ಯ, ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವರೂ ಅವರೇ. ಹತ್ತು ನಿಮಿಷದೊಳಗೆ ಇಪ್ಪತ್ತು ಹೆಬ್ಬೆಟ್ಟು ಬಿದ್ದವು. ಆ ಸಾಲು ತೆಗೆದರೆ ಇನ್ನೂ ಇಷ್ಟು ಕಂಬಳಿ ಬರುತ್ತದೆ ಎಂದು ಲೆಕ್ಕವೂ ಬಂತು. ತೆಗೆಸಿದರು. ಸಂಸ್ಥೆಯವರು ಮರುಮಾತಾಡದೆ ಒಪ್ಪಿಕೊಂಡರು. ಅವರು ಒಪ್ಪದೆ ಏನು ಮಾಡಿಯಾರು?

ಆ ಇಪ್ಪತ್ತು ಹೆಬ್ಬೆಟ್ಟಿನ ಮೇಲೆ ನನ್ನ ತಕರಾರು. ಮೊದಲೇ ಹೇಳಿಬಿಡುತ್ತೇನೆ: ನಾನು ಬಾಗಲಕೋಟೆ ಜಿಲ್ಲೆಯವಳು, ಹದಿನಾರು ವರ್ಷದಿಂದ ಪರಿಹಾರ ಕೆಲಸದ ಸಂಸ್ಥೆಗಳಲ್ಲಿದ್ದೇನೆ, ಅದರಲ್ಲೂ ತರಬೇತಿಯ ವಿಭಾಗದಲ್ಲಿ. ನನಗೆ ಸಂಬಳವಿದೆ, ಪಿಎಫ್ ಇದೆ, ಕೋಥ್ರೂಡಿನ ಫ್ಲ್ಯಾಟಿಗೆ ಸಾಲವೂ ಇದೆ. ಹಾಗಾಗಿ ಇದು ಸ್ವಾರ್ಥದ ಮಾತು ಎಂದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ನಾನು ಹೇಳಬೇಕಾದದ್ದು ನನ್ನ ಸಂಬಳದ ಬಗ್ಗೆ ಅಲ್ಲ.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಮೇಲೆ ಸಾಂಗಲಿ, ಕೊಲ್ಹಾಪುರ ಮುಳುಗಿದ್ದವು, ಕೆಳಗೆ ಚಿಕ್ಕೋಡಿ, ಅಥಣಿ, ಜಮಖಂಡಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೈವೇ ಕೊಲ್ಹಾಪುರದ ಹತ್ತಿರ ದಿನಗಟ್ಟಲೆ ಬಂದಾಗಿತ್ತು. ಅದೇ ನದಿ, ಅದೇ ನೀರು, ನಮ್ಮ ಆಫೀಸಿನಲ್ಲಿ ಮಾತ್ರ ಎರಡು ರಾಜ್ಯಕ್ಕೆ ಎರಡು ಪ್ರಾಜೆಕ್ಟು, ಎರಡು ಕೋಡು. ಕನ್ನಡ ಬರುತ್ತದೆಂದು ನನ್ನನ್ನು ಜಮಖಂಡಿ ಕಡೆ ಕಳಿಸಿದರು. ಅಲ್ಲಿ ಹೊಳೆದಂಡೆಯ ಹಳ್ಳಿಯ ಒಬ್ಬ ಹುಡುಗನನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡೆವು. ಬಿ.ಎ. ಅರ್ಧಕ್ಕೆ ಬಿಟ್ಟವನು. ಹುದ್ದೆಯ ಹೆಸರು ಕಮ್ಯುನಿಟಿ ಮೊಬಿಲೈಸರ್.

ಮೊದಲ ದಿನವೇ ಅವನು ನನಗೆ ಹೇಳಿದ್ದು: "ಅಕ್ಕಾರ, ಮೊದಲ ಮೇವ ತರಸ್ರಿ. ದನಾ ಬಿಟ್ಟ ಯಾರೂ ಹೊರಗ ಬರಂಗಿಲ್ಲ."

ನಮ್ಮ ಬಜೆಟ್ಟಿನಲ್ಲಿ ಮೇವು ಇರಲಿಲ್ಲ. ಎಮ್ಮೆ ಬಿಟ್ಟು ಬರಲಾರದೆ ಒಬ್ಬ ಮುದುಕ ಮಾಳಿಗೆಯ ಮೇಲೆ ಎರಡು ರಾತ್ರಿ ಕೂತಿದ್ದ. ದೆಹಲಿಗೆ ಫೋನು ಮಾಡಿ, ಮೇವಿಗೆ ಒಪ್ಪಿಗೆ ಪಡೆಯಲು ನನಗೆ ಒಂದೂವರೆ ದಿನ ಹಿಡಿಯಿತು. ಅಷ್ಟರಲ್ಲಿ ಅವನು ಪಕ್ಕದೂರಿನ ಕಬ್ಬಿನ ಗದ್ದೆಯವರ ಕೈಕಾಲು ಹಿಡಿದು ಒಂದು ಟ್ರ್ಯಾಕ್ಟರ್ ವಾಡಿ ತಂದಿದ್ದ. ಶಾಲೆಯ ಗಂಜಿ ಕೇಂದ್ರದಲ್ಲಿ ಎಲ್ಲರೂ ಇದ್ದಾರೆ ಎಂದು ತಲಾಠಿ ಪಟ್ಟಿ ಕೊಟ್ಟಿದ್ದರು. "ಕೇರಿಯವರ ಹೆಸರ ಒಂದೂ ಇಲ್ಲಲ್ರಿ ಇದರಾಗ" ಎಂದು ಹುಡುಗ ಕೇಳಿದ. ಅವರು ಊರಾಚೆಯ ಗೋದಾಮಿನಲ್ಲಿದ್ದರು. ಶಾಲೆಯಲ್ಲಿ ಅವರಿಗೆ ಜಾಗ ಇತ್ತೋ ಇಲ್ಲವೋ, ಯಾರೂ ಕರೆದಿರಲಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಕೂತು ತಾಯಿ ಕಾರ್ಡ್ ನೋಡಿ, ದಿನ ತುಂಬಿದ ಇಬ್ಬರನ್ನು ಗುರುತು ಹಾಕಿದ. ಸಾಮಾನು ಹಂಚುವ ಹಿಂದಿನ ರಾತ್ರಿಯೇ ಓಣಿ ಓಣಿಗೆ ಹೋಗಿ ಚೀಟಿ ಕೊಟ್ಟು ಬಂದ. ಮರುದಿನ ನೂಕುನುಗ್ಗಲು ಆಗಲಿಲ್ಲ. ಅದೇ ಹೊತ್ತಿನಲ್ಲಿ ಮೂರು ಕಿಲೋಮೀಟರ್ ಆಚೆ, ನಗರಗಳಿಂದ ಬಂದ ಹಳೆ ಬಟ್ಟೆಯ ಲಾರಿಯೊಂದು ರಸ್ತೆ ಬದಿಗೆ ಎಲ್ಲವನ್ನೂ ಸುರುವಿ ಹೋಗಿತ್ತು. ಹರಿದ ಜೀನ್ಸು, ಮದುವೆಯ ಕೋಟು, ಒಂಟಿ ಬೂಟು. ಅದನ್ನು ಆಮೇಲೆ ಸುಟ್ಟರು.

ಈಗ ಹೇಳಿ, ಇದು ಸೇವೆಯೋ, ಕಸುಬೋ?

ಆ ಪಟ್ಟಿಯನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬರೆದು ವರದಿ ಮಾಡಿದೆ. ದೆಹಲಿಯಲ್ಲಿ ಅದನ್ನು ಸ್ಲೈಡು ಹಾಕಿ ತೋರಿಸಿದೆ. ಜಾನುವಾರಿನ ಅಂಶವನ್ನು ಹಿಡಿದದ್ದು ಬಹಳ ಸೂಕ್ಷ್ಮ ಎಂದು ಹೊಗಳಿದರು. ಮರುವರ್ಷ ನನಗೆ ಬಡ್ತಿ ಸಿಕ್ಕಿತು. ಹುಡುಗನಿಗೆ ಮೂರು ತಿಂಗಳು ಮುಗಿದ ದಿನ ಒಂದು ಪ್ರಮಾಣಪತ್ರ ಸಿಕ್ಕಿತು.

ತರಬೇತಿ ಎಂದರೆ ಹೋಟೆಲಿನ ಊಟ, ಚಾರ್ಟ್ ಪೇಪರು, ಬಣ್ಣದ ಚೀಟಿ ಎಂದು ನೀವು ಅಂದುಕೊಂಡಿದ್ದರೆ ತಪ್ಪು ನಿಮ್ಮದಲ್ಲ. ನಾವೇ ಹಾಗೆ ಮಾಡಿಟ್ಟಿದ್ದೇವೆ. ಅದರ ಬಗ್ಗೆ ಆಮೇಲೆ. ಆದರೆ ತರಬೇತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಂಬಳಿಯ ಲೆಕ್ಕ ಹಾಕುವವರು ಗೋಮಾದ ಕಥೆ ಕೇಳಬೇಕು. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಗಡಿ ದಾಟಿ ಆಗಿನ ಜೈರ್ ದೇಶದ ಗೋಮಾ ಊರಿಗೆ ಬಂದರು. ಕಾಲರಾ ಬಂತು. ಮೊದಲ ಒಂದು ತಿಂಗಳಲ್ಲೇ ಕಾಲರಾ ಮತ್ತು ಆಮಶಂಕೆಯಿಂದ ಸತ್ತವರು ಸುಮಾರು 50,000. ಜಗತ್ತಿನ ಸಂಸ್ಥೆಗಳೆಲ್ಲ ಅಲ್ಲಿದ್ದವು. ಕ್ಯಾಮೆರಾಗಳೂ ಇದ್ದವು. ಆಗ ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರದ ಒಂದು ತಂಡ ಅಲ್ಲಿಗೆ ಹೋಯಿತು. ಚಿಕಿತ್ಸಾ ಕೇಂದ್ರಗಳಲ್ಲೇ ಜನ ಯಾಕೆ ಸತ್ತರು ಎಂದು ಅವರು ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ದೇಹಕ್ಕೆ ನೀರು ತುಂಬಿಸಿದ್ದು ತೀರ ನಿಧಾನ, ಓಆರ್‌ಎಸ್ ಬಳಸಿದ್ದು ಸಾಲದು, ರಕ್ತನಾಳಕ್ಕೆ ಕೊಟ್ಟ ದ್ರವ ಸರಿಯಾದದ್ದಲ್ಲ, ಮತ್ತು ಅಲ್ಲಿದ್ದ ಕಾರ್ಯಕರ್ತರಿಗೆ ತೀವ್ರ ಕಾಲರಾ ನೋಡಿಕೊಂಡ ಅನುಭವ ಸಾಲದು. ಒಳ್ಳೆಯ ಮನಸ್ಸಿನವರೇ, ದೂರದಿಂದ ವಿಮಾನ ಹತ್ತಿ ಬಂದವರೇ. ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದವರು ಬಂದದ್ದು ಬಾಂಗ್ಲಾದೇಶದಿಂದ, ವರ್ಷಗಟ್ಟಲೆ ಅದೇ ರೋಗದ ಮುಂದೆ ನಿಂತು ಕಲಿತವರು.

ಗೋಮಾದ ಆ ನಾಚಿಕೆಯ ನಂತರವೇ 1997ರಲ್ಲಿ ಸ್ಫಿಯರ್ ಎಂಬ ಮಾನದಂಡದ ಕೆಲಸ ಶುರುವಾದದ್ದು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ತಲೆಗೆ ಮೂರೂವರೆ ಚದರ ಮೀಟರ್ ಸೂರು. ಶೌಚಾಲಯ ಎಲ್ಲಿರಬೇಕು, ಒಳಗಿನಿಂದ ಚಿಲಕ ಇದೆಯೇ, ರಾತ್ರಿ ಅಲ್ಲಿಗೆ ಬೆಳಕಿದೆಯೇ ಎಂಬುದೆಲ್ಲ ಅದರಲ್ಲಿದೆ. ಇದನ್ನು ಓದಿದ ಇಂಗ್ಲಿಷ್ ಬಲ್ಲವರು ದೆಹಲಿ, ಪುಣೆಗಳಲ್ಲಿ ಬೇಕಾದಷ್ಟು ಇದ್ದೇವೆ. ಶೌಚಾಲಯಕ್ಕೆ ಗುಂಡಿ ತೋಡಿಸುವವನು ಜಮಖಂಡಿಯಲ್ಲಿದ್ದಾನೆ.

ಗೋಮಾ ದೂರವಾಯಿತು ಎನ್ನುವವರಿಗೆ ನಾನೇ ಕಂಡದ್ದು ಹೇಳುತ್ತೇನೆ. ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ ಹಂಚಿದ್ದೆವು. ಆ ಮಾತ್ರೆಗಳಲ್ಲಿ ಒಂದು ಲೀಟರಿನದು ಬೇರೆ, 20 ಲೀಟರಿನದು ಬೇರೆ. ನೀರು ಕದಡಿದ್ದರೆ ಮೊದಲು ಸೋಸಬೇಕು, ಹಾಕಿ ಅರ್ಧ ಗಂಟೆ ಬಿಡಬೇಕು. ಒಂದು ಹಳ್ಳಿಯಲ್ಲಿ ಹಂಚಲು ಹೋದವರು ಆ ದಿನ ಬೆಳಿಗ್ಗೆ ಸೇರಿದ ಕಾಲೇಜು ಹುಡುಗರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪೊಟ್ಟಣದ ಮೇಲೆ ಇಂಗ್ಲಿಷ್. ಒಬ್ಬ ಅಜ್ಜಿ ಜ್ವರದ ಗುಳಿಗೆ ಎಂದು ನುಂಗಿಬಿಟ್ಟಳು. ಬಾಯಿ, ಗಂಟಲು ಉರಿದು ತಾಲೂಕು ಆಸ್ಪತ್ರೆಗೆ ಹೋಗಬೇಕಾಯಿತು. ಬದುಕಿದಳು. ಹೇಳಿಕೊಡಲು ಎರಡು ತಾಸು ಸಾಕಿತ್ತು. ಆ ಎರಡು ತಾಸಿನ ಖರ್ಚು ಯಾವ ಸಾಲಿನಲ್ಲಿ ಬರಬೇಕಿತ್ತು ಎಂಬುದನ್ನು ನಮ್ಮ ವಾಟ್ಸಾಪ್ ಗುಂಪು ಹೇಳಲಿ.

ಕಾರ್ಯಕರ್ತರ ಮೈಯ ಕಥೆಯೂ ಹೀಗೇ. 2018ರಲ್ಲಿ ಕೇರಳದ ನೆರೆ ಇಳಿದ ಮೇಲೆ ಇಲಿಜ್ವರ ಹರಡಿತ್ತು. ನೀರಿಗಿಳಿಯುವವರೆಲ್ಲ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಎಂದು ಅಲ್ಲಿಯ ಆರೋಗ್ಯ ಇಲಾಖೆ ಸಾರಿತ್ತು. ಮರುವರ್ಷ ನಮ್ಮಲ್ಲಿ ಆ ಮಾತ್ರೆ, ಗಮ್‌ಬೂಟು ಮೊದಲು ಬಂದದ್ದು ಪುಣೆಯಿಂದ ಹೋದ ನಮಗೆ. ನನ್ನ ಹೆಸರಿನಲ್ಲಿ ಐದು ಲಕ್ಷದ ವಿಮೆ ಇತ್ತು. ಸೊಂಟಮಟ್ಟ ನೀರಿನಲ್ಲಿ ನಡೆದವನು ಅವನು, ನಾನು ಜೀಪಿನಲ್ಲಿ ಕೂತಿದ್ದೆ. ಅವನಿಗೆ ವಿಮೆ ಇದೆಯೇ ಎಂದು ಕೇಳಬೇಕೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಇರಲಿಲ್ಲ. ಮೂರು ತಿಂಗಳವರಿಗೆ ಮಾಡಿಸುವ ಪದ್ಧತಿ ಇಲ್ಲ ಎಂದರು. 2003ರಲ್ಲಿ ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬು ದಾಳಿಯಾಗಿ 22 ಜನ ಸತ್ತ ನೆನಪಿಗೆ ಆಗಸ್ಟ್ 19ನ್ನು ಜಾಗತಿಕ ಮಾನವೀಯ ದಿನ ಎಂದು ಆಚರಿಸುತ್ತಾರೆ. ನಮ್ಮ ಆಫೀಸಿನಲ್ಲೂ ಪೋಸ್ಟರ್ ಹಾಕುತ್ತೇವೆ. ಪ್ರತಿವರ್ಷ ಈ ಕೆಲಸದಲ್ಲಿ ಜೀವ ಕಳೆದುಕೊಳ್ಳುವವರಲ್ಲಿ ಬಹುಪಾಲು ಆಯಾ ದೇಶದ ಸ್ಥಳೀಯ ಸಿಬ್ಬಂದಿ. ಪೋಸ್ಟರಿನ ಮೇಲಿನ ಮುಖ ಸಾಮಾನ್ಯವಾಗಿ ಅವರದಾಗಿರುವುದಿಲ್ಲ.

ಈಗ ನಮ್ಮ ಹೋಟೆಲುಗಳ ವಿಷಯ. ತರಬೇತಿ ಎಂಬ ಹೆಸರಿನಲ್ಲಿ ಖರ್ಚಾಗುವ ಹಣದಲ್ಲಿ ಎಷ್ಟೋ ಪಾಲು ದಂಡ ಎಂದು ಟೀಕಿಸುವವರ ಜೊತೆ ನಾನೂ ನಿಲ್ಲುತ್ತೇನೆ. ನಾನೇ ನಾಯಕತ್ವದ ಶಿಬಿರ ಎಂಬುದನ್ನು ನಾಲ್ಕು ಸಲ ಮುಗಿಸಿದ್ದೇನೆ. ನಾಲ್ಕರಲ್ಲೂ ಮೊದಲ ತಾಸು ಚೆಂಡು ಎಸೆದು ಹೆಸರು ಹೇಳುವ ಆಟ. ಬೆಳಿಗ್ಗೆ ಪೂರ್ವ ಪರೀಕ್ಷೆ, ಸಂಜೆ ಅದೇ ಪ್ರಶ್ನೆಗಳ ಉತ್ತರ ಪರೀಕ್ಷೆ, ನಡುವೆ ಗುಂಪು ಫೋಟೋ, ಅಂಕ ಹೆಚ್ಚಾಯಿತು ಎಂದು ದಾನಿಗೆ ವರದಿ. ಅಲ್ಲಿ ಕೂತವರು ಯಾರು? ನನ್ನಂಥವರು. ಇಂಗ್ಲಿಷ್ ಬರುವವರು, ಪರ್ಮನೆಂಟ್ ಇರುವವರು, ಎರಡು ವರ್ಷದಲ್ಲಿ ಇನ್ನೊಂದು ಸಂಸ್ಥೆಗೆ ಹಾರುವವರು. ಫೀಲ್ಡಿನವರನ್ನು ಕರೆದರೆ ಕೆಲಸ ನಿಲ್ಲುತ್ತದೆ ಎಂದು ಕರೆಯುವುದಿಲ್ಲ.

ಕಲಿಯುವ ದಾರಿಗಳು ಇಲ್ಲವೆಂದಲ್ಲ. ಮುಂಬಯಿ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೇ ಒಂದು ವಿಭಾಗವಿದೆ, ಎಂ.ಎ. ಇದೆ. ಇಗ್ನೋದಲ್ಲಿ ಪಿ.ಜಿ. ಡಿಪ್ಲೊಮಾ ಇದೆ. ನಮ್ಮ ಪುಣೆಯಲ್ಲೇ ರೆಡ್‌ಆರ್ ಇಂಡಿಯಾ ಇದೆ, 1980ರಲ್ಲಿ ಬ್ರಿಟನ್ನಿನ ಎಂಜಿನಿಯರರು ವಿಪತ್ತಿನ ಕೆಲಸಕ್ಕೆ ಹೋಗಲು ತಮ್ಮದೇ ಒಂದು ಪಟ್ಟಿ ಮಾಡಿಕೊಂಡು ಶುರು ಮಾಡಿದ ಸಂಸ್ಥೆಯ ಬಳಗದ್ದು. ಈ ಪುಟ ಓದುವ ಸಿವಿಲ್ ಎಂಜಿನಿಯರುಗಳು ಒಮ್ಮೆ ವಿಚಾರಿಸಬೇಕು. ಡಿಸಾಸ್ಟರ್‌ರೆಡಿ, ಕಾಯಾ ಎಂಬ ತಾಣಗಳಲ್ಲಿ ಪುಕ್ಕಟೆ ಪಾಠಗಳೂ ಇವೆ, ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಅರಬ್ಬಿಗಳಲ್ಲಿ. ಆದರೆ ಎಂ.ಎ.ಗೆ ಡಿಗ್ರಿ ಬೇಕು, ಡಿಗ್ರಿಗೆ ಹೊಲ ಬಿಟ್ಟಿರಲು ಮೂರು ವರ್ಷ ಬೇಕು, ಪುಕ್ಕಟೆ ಪಾಠಕ್ಕೆ ಇಂಗ್ಲಿಷ್ ಬೇಕು. ಏಣಿ ಇದೆ. ಅದರ ಕೆಳಗಿನ ಮೂರು ಮೆಟ್ಟಿಲು ಇಲ್ಲ.

ಸರಕಾರದ ಆಪದ ಮಿತ್ರ ಯೋಜನೆಯನ್ನು ನಾನು ಕೀಳುಗಳೆಯುವುದಿಲ್ಲ. 12 ದಿನದ ತರಬೇತಿ, ಒಂದು ಕಿಟ್, ವಿಮೆ. ಸ್ಥಳೀಯರನ್ನೇ ಕಲಿಸಬೇಕು ಎಂಬ ಅರಿವಾದರೂ ಅದರಲ್ಲಿದೆ. ಆದರೆ ಹದಿಮೂರನೇ ದಿನ? ಅವನು ಸ್ವಯಂಸೇವಕ, ಕರೆದಾಗ ಬರಬೇಕು. ಗಾರೆಯವರಿಗೆ, ಹೊಲಿಗೆಯವರಿಗೆ ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ವಿಕಾಸ ಯೋಜನೆಯಲ್ಲಿದೆ. ಮೂರು ನೆರೆ ಕಂಡ ಕಾರ್ಯಕರ್ತನಿಗೆ ಅಂಥದ್ದೊಂದು ದಾರಿ ತೆರೆದದ್ದನ್ನು ನನ್ನ ಹದಿನಾರು ವರ್ಷದಲ್ಲಿ ನಾನು ಕಂಡಿಲ್ಲ.

ಈ ಎಲ್ಲದರ ಬುಡದಲ್ಲಿ ಕೂತಿರುವುದು ಒಂದು ಪದ: ಸೇವೆ. ನಾನು ಆ ಪದವನ್ನು ಗೌರವಿಸುವ ಮನೆಯಲ್ಲೇ ಬೆಳೆದವಳು. ಆದರೆ ಕೆಲಸಕ್ಕೆ ಬಂದ ಮೇಲೆ ಆ ಪದ ಯಾವಾಗ ಹೊರಬರುತ್ತದೆ ಎಂದು ಗಮನಿಸಿದ್ದೇನೆ. ಸಂಬಳ ಹೆಚ್ಚಿಸಿ ಎಂದಾಗ ಬರುತ್ತದೆ. ರಜೆ ಕೇಳಿದಾಗ ಬರುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿಸಿ, ಹತ್ತು ದಿನ ಮನೆಗೆ ಕಳಿಸಿ, ಮತ್ತೆ ಹನ್ನೊಂದು ತಿಂಗಳಿಗೆ ಕರೆಯುವಾಗ ಬರುತ್ತದೆ. 1972ರ ಗ್ರ್ಯಾಚುಯಿಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತ ದುಡಿದಿರಬೇಕಿತ್ತು. ನಡುವೆ ಆ ಹತ್ತು ದಿನ ಯಾಕೆ ಬರುತ್ತಿತ್ತು ಎಂದು ನಿಮ್ಮ ಕಂಪನಿಯ ಎಚ್‌ಆರ್ ಅವರನ್ನು ಕೇಳಿದರೆ ನಕ್ಕು ಹೇಳುತ್ತಾರೆ. ದೇಶ ಕಾಯುವ ಸೈನಿಕನದೂ ಸೇವೆಯೇ. ಅವನಿಗೆ ಯಾಕಪ್ಪಾ ತರಬೇತಿ ಎಂದು ಯಾರೂ ಕೇಳುವುದಿಲ್ಲ, ಪೆನ್ಶನ್ ಯಾಕೆ ಎಂದೂ ಕೇಳುವುದಿಲ್ಲ.

ಮೇಲಿನವರು ಮಾತು ಕೊಟ್ಟಿಲ್ಲವೆಂದಲ್ಲ. 2016ರ ಮೇನಲ್ಲಿ ಇಸ್ತಾಂಬುಲಿನಲ್ಲಿ ದೊಡ್ಡ ಸಮ್ಮೇಳನ ಸೇರಿ, 2020ರ ಹೊತ್ತಿಗೆ ಪರಿಹಾರದ ಹಣದಲ್ಲಿ ಕನಿಷ್ಠ 25 ಶೇಕಡಾ ಆದಷ್ಟು ನೇರವಾಗಿ ಸ್ಥಳೀಯರ ಕೈಗೆ ಹೋಗಬೇಕು ಎಂದು ಒಪ್ಪಿದ್ದರು. ನೇರವಾಗಿ ತಲುಪಿದ್ದು ಒಂದಂಕಿಯ ಶೇಕಡಾವಾರು ದಾಟಲಿಲ್ಲ. ನಮ್ಮಲ್ಲಿ 2020ರಲ್ಲೇ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ವೆಚ್ಚದ ಮಿತಿ 50 ಶೇಕಡಾದಿಂದ 20ಕ್ಕೆ ಇಳಿಯಿತು, ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ಆ ಹಣ ದಾಟಿಸುವುದು ನಿಂತಿತು. ಕಳ್ಳರನ್ನು ಹಿಡಿಯಲು ಎಂದರು. ಹಿಡಿದಿರಬಹುದು. ನಮ್ಮ ಲೆಕ್ಕದವರು ಅಂದಿನಿಂದ ಯಾವ ಕಾಗದ ಬಂದರೂ ಮೊದಲು ಕೆಂಪು ಗೀಟು ಎಳೆಯುವುದು ಫೀಲ್ಡಿನವರ ತರಬೇತಿಯ ಸಾಲಿನ ಮೇಲೆ. ನಿಯಮ ಹಾಗೆ ಹೇಳುತ್ತದೆಯೇ ಎಂದು ಓದುವಷ್ಟು ಪುರಸೊತ್ತು ಯಾರಿಗಿದೆ?

ಹಾಗಾದರೆ ಎಲ್ಲವನ್ನೂ ಕಂಪನಿ ಮಾಡಿಬಿಡೋಣವೇ, ಕರುಣೆ ಉಳಿಯುತ್ತದೆಯೇ ಎಂದು ಗುಂಪಿನಲ್ಲಿ ಒಬ್ಬ ಹಿರಿಯರು ಕೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಕೋಟು ಹಾಕಿದ ಸಂಸ್ಥೆಗಳು ಜನರಿಂದ ದೂರವಾದದ್ದನ್ನು ನಾನೂ ನೋಡಿದ್ದೇನೆ, ಆ ಕೋಟು ನನ್ನ ಕಪಾಟಿನಲ್ಲೂ ಇದೆ. ಆದರೆ ನರ್ಸಿಗೆ ಮೂರು ವರ್ಷ ಕಲಿಸಿದ್ದರಿಂದ ಅವಳ ಕರುಣೆ ಬತ್ತಿತು ಎಂದು ಅವರು ಹೇಳುತ್ತಾರೆಯೇ? ಅವರ ಬೈಪಾಸ್ ಆಪರೇಶನ್ನಿನ ದಿನ ವಾರ್ಡಿನಲ್ಲಿ ಸ್ವಯಂಸೇವಕರು ಸಾಕು ಎಂದಿದ್ದರೇ? ಇದನ್ನು ಗುಂಪಿನಲ್ಲೇ ಬರೆದೆ. ಅದಕ್ಕೇ ಜಗಳ ಶುರು ಮಾಡಿದವಳು ನಾನಾದದ್ದು.

ದುಡ್ಡು ಕೊಡುವವರೇ, ನೀವು ಕೇಳುವ ಪ್ರಶ್ನೆಗೆ ಬಲ ಇದೆ. "ನೂರಕ್ಕೆ ನೂರು ಸಂತ್ರಸ್ತರಿಗೇ ಹೋಗುತ್ತದಾ?" ಎಂದು ನೀವು ಕೇಳುವುದರಿಂದಲೇ ಆ ಸಂಸ್ಥೆಗಳು ಹೋಗುತ್ತದೆ ಎಂದು ಸುಳ್ಳು ಹೇಳುತ್ತವೆ. ಹಂಚುವ ಹುಡುಗನ ಊಟವನ್ನು ಕಂಬಳಿಯ ಬೆಲೆಯಲ್ಲಿ ಸೇರಿಸಿ ತೋರಿಸುತ್ತವೆ, ಇಲ್ಲವೇ ಊಟ ಕೊಡುವುದಿಲ್ಲ. ಬೇರೆ ಪ್ರಶ್ನೆ ಕೇಳಿ. ಈ ಸಾಮಾನು ಯಾರು ಹಂಚುತ್ತಾರೆ, ಅವರಿಗೆ ತಿಂಗಳಿಗೆ ಎಷ್ಟು, ವಿಮೆ ಇದೆಯೇ, ಹೋದ ವರ್ಷದವರೇ ಈ ವರ್ಷವೂ ಇದ್ದಾರೆಯೇ, ಇಲ್ಲದಿದ್ದರೆ ಯಾಕೆ? ದುಡ್ಡಿಗಿಂತ ಕೈಕೆಲಸ ಮಾಡುತ್ತೇವೆ ಎನ್ನುವವರು ಒಂದು ಗಂಜಿ ಕೇಂದ್ರ ನಡೆಸುವ ಪಾಠವನ್ನು ಕನ್ನಡಕ್ಕೆ ತನ್ನಿ. ಬೆಂಗಳೂರಿನ ಸಭಾಂಗಣದ ಕನ್ನಡ ಬೇಡ. "ಸ್ವಚ್ಛತಾ ಉತ್ತೇಜನ" ಎಂದು ಬರೆದರೆ ಜಮಖಂಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮತ್ತು ಬೇಸಿಗೆಯಲ್ಲಿ ಕಲಿಸಬೇಕು, ಹೊಳೆ ಒಣಗಿದಾಗ. ಆಗ ಯಾರೂ ದುಡ್ಡು ಕೊಡುವುದಿಲ್ಲ ಎಂಬುದೇ ನಮ್ಮ ಕಷ್ಟ.

2021ರ ಜುಲೈನಲ್ಲಿ ಮತ್ತೆ ನೀರು ಬಂತು. ನಮ್ಮ ಸಂಸ್ಥೆ ಹೊಸ ಹುಡುಗರನ್ನು ತೆಗೆದುಕೊಂಡಿತ್ತು. ಹಳಬನನ್ನು ಯಾಕೆ ಕರೆಯಲಿಲ್ಲ ಎಂದರೆ ಈ ಸಲದ ಹುದ್ದೆಗೆ ಡಿಗ್ರಿ ಕಡ್ಡಾಯ. ಆ ನಿಯಮ ಬರೆದ ಸಮಿತಿಯಲ್ಲಿ ನಾನೂ ಇದ್ದೆ, ಸಹಿಯನ್ನೂ ಮಾಡಿದ್ದೆ. ಹೊಸಬರಿಗೆ ಕೇರಿ ಎಲ್ಲಿದೆ, ಯಾವ ದಾರಿ ಮೊದಲು ಮುಳುಗುತ್ತದೆ ಗೊತ್ತಿರಲಿಲ್ಲ. ನಾನು ಅವನಿಗೆ ಫೋನು ಮಾಡಿದೆ. ಅಷ್ಟರಲ್ಲಿ ಅವನು ಚಾಕಣದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಗಾರ್ಡ್, ನನ್ನ ಮನೆಯಿಂದ ಒಂದೂವರೆ ತಾಸಿನ ದಾರಿ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದ. ಮುಕ್ಕಾಲು ತಾಸು ಕೂತು ಎಲ್ಲ ಹೇಳಿದ, ಓಣಿ ಓಣಿಯ ಹೆಸರು, ಟ್ರ್ಯಾಕ್ಟರ್ ಇರುವವರ ನಂಬರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಯಾವ ಮನೆಯಲ್ಲಿ. ನಾನು ಬರೆದುಕೊಂಡೆ. ಅದಕ್ಕೆ ನಾವು ಏನೂ ಕೊಡಲಿಲ್ಲ.

ಫೋನಿಡುವ ಮುಂಚೆ ಅವನೊಂದು ಕೇಳಿದ. ಊರ ಕಡೆ ಹೋಮ್‌ಗಾರ್ಡಿಗೆ ಅರ್ಜಿ ಹಾಕುತ್ತಿದ್ದೇನೆ, ಆ ಪ್ರಮಾಣಪತ್ರ ಲಗತ್ತಿಸಬೇಕು ಎಂದ. "ಅದರ ಮ್ಯಾಲ ನಮ್ಮ ಅಪ್ಪನ ಹೆಸರ ತಪ್ಪ ಬಿದ್ದೈತ್ರಿ ಅಕ್ಕಾರ. ಒಂದೀಟ ತಿದ್ದಿಸಿ ಕೊಡಾಕ ಬರತೈತೇನ್ರಿ?"

ಆಫೀಸಿನಲ್ಲಿ ಕೇಳಿದೆ. ಆ ಪ್ರಾಜೆಕ್ಟಿನ ಕೋಡು ಮುಚ್ಚಿದೆ, ಹೊಸ ಪತ್ರ ಹೊರಡಿಸಲು ಬರುವುದಿಲ್ಲ ಎಂದರು.